ಕರ್ನಲ್ ಮಾಡ್ಯೂಲ್ ಇಳಿಸುವಿಕೆ ಮತ್ತು ಆಬ್ಜೆಕ್ಟ್‌ಗಳ ಆಯುಷ್ಯ

ಕಂಪ್ಯೂಟರ್ ನಡೆಯುತ್ತಿರುವಾಗಲೇ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್‌ಗೆ ಸೇರಿಸಬಹುದಾದ, ಬೇಡವಾದಾಗ ತೆಗೆಯಬಹುದಾದ ಕೋಡಿನ ತುಂಡಿಗೆ ಕರ್ನಲ್ ಮಾಡ್ಯೂಲ್ ಎಂದು ಹೆಸರು. ವೈ-ಫೈ ಕಾರ್ಡು, ಸೌಂಡ್ ಕಾರ್ಡುಗಳ ಡ್ರೈವರುಗಳು, ಬಗೆಬಗೆಯ ಫೈಲ್ ಸಿಸ್ಟಮ್‌ಗಳು ಹೆಚ್ಚಾಗಿ ಈ ರೂಪದಲ್ಲೇ ಬರುತ್ತವೆ. ಲಿನಕ್ಸ್‌ನಲ್ಲಿ 1995ರ 1.2 ಆವೃತ್ತಿಯ ಹೊತ್ತಿಗಾಗಲೇ ಈ ಸೌಲಭ್ಯ ಇತ್ತು. ಮಾಡ್ಯೂಲನ್ನು ಏರಿಸುವ ಕೆಲಸ ಹೋಲಿಕೆಯಲ್ಲಿ ಸುಲಭ: ಮೆಮರಿಯಲ್ಲಿ ಜಾಗ ಕೊಟ್ಟು, ವಿಳಾಸಗಳನ್ನು ಹೊಂದಿಸಿ, ಆರಂಭದ ಫಂಕ್ಷನ್ ಕರೆದರೆ ಮುಗಿಯಿತು. ಇಳಿಸುವ ಕೆಲಸ ಮೂರು ದಶಕಗಳಿಂದ ಕರ್ನಲ್ ಬರೆಯುವವರನ್ನು ಕಾಡುತ್ತಲೇ ಬಂದಿದೆ. ಸಾಮಾನ್ಯ ಪ್ರೋಗ್ರಾಮ್ ಸತ್ತರೆ ಅದರ ಹಿಂದೆ ಕರ್ನಲ್ ನಿಂತಿರುತ್ತದೆ. ಅದು ತೆರೆದಿಟ್ಟ ಫೈಲನ್ನು ಮುಚ್ಚುತ್ತದೆ, ಹಿಡಿದ ಮೆಮರಿಯನ್ನು ವಾಪಸು ಪಡೆಯುತ್ತದೆ. ಮಾಡ್ಯೂಲಿನ ಹಿಂದೆ ಯಾರೂ ಇಲ್ಲ. ಅದು ಕರ್ನಲ್‌ನ ಮೈಯಲ್ಲೇ ಸೇರಿಕೊಂಡಿರುತ್ತದೆ, ಅದರ ಫಂಕ್ಷನ್ನುಗಳ ವಿಳಾಸಗಳು ಕರ್ನಲ್‌ನ ಹತ್ತಾರು ಪಟ್ಟಿಗಳಲ್ಲಿ ಹರಡಿಕೊಂಡಿರುತ್ತವೆ. ಹೀಗಾಗಿ ಇಲ್ಲಿ ಎರಡು ಆಯುಷ್ಯಗಳ ಲೆಕ್ಕ ಒಟ್ಟಿಗೆ ಕೂಡಬೇಕು. ಮಾಡ್ಯೂಲ್ ಹುಟ್ಟಿಸಿದ ಆಬ್ಜೆಕ್ಟ್‌ಗಳ ಆಯುಷ್ಯ ಒಂದು. ಆ ಆಬ್ಜೆಕ್ಟ್‌ಗಳ ಅಂತ್ಯಕ್ರಿಯೆ ಮಾಡಬೇಕಾದ ಕೋಡಿನ ಆಯುಷ್ಯ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಒಂದು ಕ್ಷಣ ಮೊದಲು ಮುಗಿದರೂ ಪ್ರೊಸೆಸರು ಖಾಲಿ ಜಾಗಕ್ಕೆ ಹಾರುತ್ತದೆ, ಇಡೀ ಯಂತ್ರ ಕುಸಿಯುತ್ತದೆ.

ಬೀದರದ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜಿನಲ್ಲಾಗಲಿ, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಲ್ಲಾಗಲಿ ಆಪರೇಟಿಂಗ್ ಸಿಸ್ಟಮ್ ಓದುವ ವಿದ್ಯಾರ್ಥಿಗೆ ಈ ವಿಷಯ ಎದುರಾಗುವುದು ಸಾಮಾನ್ಯವಾಗಿ ಸಿಲ್ಬರ್‌ಶಾಟ್ಸ್, ಗಾಲ್ವಿನ್ ಮತ್ತು ಗ್ಯಾಗ್ನೆ ಬರೆದ ಪಠ್ಯಪುಸ್ತಕದ ಮೂಲಕ. ಎರಡೂ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿಯ ಪಠ್ಯಕ್ರಮದಲ್ಲಿ ಆ ಪುಸ್ತಕಕ್ಕೆ ಬಹುಕಾಲದ ಸ್ಥಾನವಿದೆ. ಪುಸ್ತಕದ 9ನೇ ಆವೃತ್ತಿಯ 2ನೇ ಅಧ್ಯಾಯದ ಕೊನೆಯಲ್ಲೊಂದು ಅಭ್ಯಾಸವಿದೆ: ಮಾಡ್ಯೂಲ್ ಏರುವಾಗ 5 ಹುಟ್ಟುಹಬ್ಬದ ದಾಖಲೆಗಳ ಪಟ್ಟಿ ಕಟ್ಟಬೇಕು, ಇಳಿಯುವಾಗ ಒಂದೊಂದನ್ನೇ ಕಳಚಿ ಮೆಮರಿ ಮರಳಿಸಬೇಕು. ಅಭ್ಯಾಸ ಚೆನ್ನಾಗಿದೆ, ತಪ್ಪೇನೂ ಇಲ್ಲ. ಆದರೆ ಆ ಪಟ್ಟಿಯನ್ನು ಮಾಡ್ಯೂಲಿನ ಹೊರಗಿನವರು ಯಾರೂ ಕಂಡಿರುವುದಿಲ್ಲ. ಆರಂಭದ ಫಂಕ್ಷನ್ ಮತ್ತು ಮುಕ್ತಾಯದ ಫಂಕ್ಷನ್ ಬಿಟ್ಟರೆ ಆ ಮಾಡ್ಯೂಲಿನೊಳಗೆ ಯಾವ ಪ್ರೊಸೆಸರೂ ಕಾಲಿಟ್ಟಿರುವುದಿಲ್ಲ. ಆದ್ದರಿಂದ ಇಳಿಸುವುದೆಂದರೆ ಪಡೆದ ಮೆಮರಿಯನ್ನು ಮರಳಿಸುವುದಷ್ಟೆ ಎಂಬ ಭಾವನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುತ್ತದೆ. ನಿಜವಾದ ಡ್ರೈವರುಗಳಲ್ಲಿ ಮೆಮರಿ ಮರೆತರೆ ಸ್ವಲ್ಪ ಸೋರಿಕೆಯಾಗುತ್ತದೆ, ಯಂತ್ರ ನಡೆದಿರುತ್ತದೆ. ಹೊರಗಿನವರ ಕೈಯಲ್ಲಿ ಉಳಿದ ಒಂದೇ ಒಂದು ಫಂಕ್ಷನ್ ವಿಳಾಸವನ್ನು ಮರೆತರೆ ಯಂತ್ರ ನಿಲ್ಲುತ್ತದೆ. ಈ ಲೇಖನದ ವಾದ ಇಷ್ಟು: ಮಾಡ್ಯೂಲಿನ ಆಯುಷ್ಯದ ಲೆಕ್ಕವನ್ನು ಮಾಡ್ಯೂಲೇ ಇಟ್ಟುಕೊಳ್ಳಲಾರದು. ಒಳಗೆ ಕಾಲಿಡುವ ಮೊದಲು ಲೆಕ್ಕ ಬರೆಯುವ ಕೈಯೂ ಹೊರಗಿನದಾಗಿರಬೇಕು, ಹೊರಬಂದ ಮೇಲೆ ಲೆಕ್ಕ ಅಳಿಸುವ ಕೈಯೂ ಹೊರಗಿನದಾಗಿರಬೇಕು.

ಇದಕ್ಕೆ ಮೊದಲ ಸಾಕ್ಷ್ಯ ಲಿನಕ್ಸ್‌ನ ಹಳೆಯ ಪದ್ಧತಿಯ ಸೋಲು. 2.2 ಆವೃತ್ತಿಯ ಕಾಲದಲ್ಲಿ ಪ್ರತಿ ಡ್ರೈವರಿನ ಓಪನ್ ಫಂಕ್ಷನ್ ತನ್ನ ಮೊದಲ ಸಾಲುಗಳಲ್ಲೇ ಮಾಡ್ಯೂಲಿನ ಬಳಕೆಯ ಎಣಿಕೆಯನ್ನು ಒಂದು ಏರಿಸುತ್ತಿತ್ತು, ಕ್ಲೋಸ್ ಫಂಕ್ಷನ್ ಒಂದು ಇಳಿಸುತ್ತಿತ್ತು. ಎಣಿಕೆ ಸೊನ್ನೆಯಾಗಿದ್ದರೆ ಮಾತ್ರ ಮಾಡ್ಯೂಲ್ ತೆಗೆಯಲು ಅನುಮತಿ. ನೋಡಲು ಅಚ್ಚುಕಟ್ಟು. ಒಂದೇ ಪ್ರೊಸೆಸರಿನ ಯಂತ್ರದಲ್ಲಿ ಬಹುಮಟ್ಟಿಗೆ ನಡೆದುಕೊಂಡೂ ಹೋಗುತ್ತಿತ್ತು. ಎರಡು ಪ್ರೊಸೆಸರುಗಳನ್ನು ಇಟ್ಟು ನೋಡೋಣ. ಒಂದು ಪ್ರೊಸೆಸರು ಓಪನ್ ಫಂಕ್ಷನ್ನಿನ ವಿಳಾಸವನ್ನು ಪಟ್ಟಿಯಿಂದ ಓದಿಕೊಂಡು ಅದರೊಳಗೆ ಹಾರಿದೆ, ಎಣಿಕೆ ಏರಿಸುವ ಸಾಲು ಇನ್ನೂ ತಲುಪಿಲ್ಲ. ಅದೇ ಕ್ಷಣದಲ್ಲಿ ಎರಡನೆಯ ಪ್ರೊಸೆಸರು ಎಣಿಕೆ ನೋಡುತ್ತದೆ, ಸೊನ್ನೆ ಇದೆ, ಮಾಡ್ಯೂಲನ್ನು ಅಳಿಸುತ್ತದೆ. ಮೊದಲನೆಯದರ ಕಾಲಡಿಯ ನೆಲವೇ ಹೋಯಿತು. ಕೊನೆಯಲ್ಲೂ ಇದೇ ತೊಂದರೆ. ಎಣಿಕೆಯನ್ನು ಇಳಿಸುವ ಸಾಲು ಮಾಡ್ಯೂಲಿನೊಳಗೇ ಇರುವುದರಿಂದ ಅದಾದ ಮೇಲೂ ಹಿಂದಿರುಗುವ ಕೆಲವು ಸೂಚನೆಗಳನ್ನು ಪ್ರೊಸೆಸರು ಅಲ್ಲೇ ನಡೆಸಬೇಕಾಗುತ್ತದೆ. ಎಣಿಕೆ ಸೊನ್ನೆ ಎಂದು ಹೇಳುತ್ತಿರುವಾಗಲೂ ಒಳಗೊಬ್ಬರು ಇರುತ್ತಾರೆ. ಇನ್ನಷ್ಟು ಎಚ್ಚರದಿಂದ ಬರೆದರೆ ಸರಿಹೋಗುವ ದೋಷ ಇದಲ್ಲ. ಎಷ್ಟೇ ಎಚ್ಚರದಿಂದ ಬರೆದರೂ ಮೊದಲ ಸಾಲಿಗೆ ಮುಂಚೆ ಒಂದು ಸೂಚನೆ, ಕೊನೆಯ ಸಾಲಿನ ನಂತರ ಒಂದು ಸೂಚನೆ ಉಳಿದೇ ಉಳಿಯುತ್ತವೆ.

ಪರಿಹಾರದ ದಿಕ್ಕು 2.4ರಲ್ಲೇ ಕಾಣಿಸಿಕೊಂಡಿತು. ಡ್ರೈವರು ಕರ್ನಲ್‌ಗೆ ಒಪ್ಪಿಸುವ ಫಂಕ್ಷನ್ ಪಟ್ಟಿಯಲ್ಲಿ ಒಡೆಯನ ಹೆಸರಿಗೊಂದು ಜಾಗ ಬಂತು. 2002ರ ನವೆಂಬರಿನಲ್ಲಿ 2.5.48 ಆವೃತ್ತಿಯೊಂದಿಗೆ ರಸ್ಟಿ ರಸೆಲ್ ಬರೆದ ಹೊಸ ಮಾಡ್ಯೂಲ್ ಲೋಡರ್ ಬಂದಾಗ ಅದು ಸಾರ್ವತ್ರಿಕ ನಿಯಮವಾಯಿತು. ಈಗ ಮಾಡ್ಯೂಲಿನೊಳಗೆ ಹೋಗಬೇಕಾದ ಕರ್ನಲ್ ಕೋಡು ಮೊದಲು 'ಟ್ರೈ ಮಾಡ್ಯೂಲ್ ಗೆಟ್' ಎಂಬ ಫಂಕ್ಷನ್ ಕರೆದು ಅಪ್ಪಣೆ ಕೇಳುತ್ತದೆ. ಮಾಡ್ಯೂಲ್ ಹೊರಡುವ ಸ್ಥಿತಿಗೆ ಬಂದಿದ್ದರೆ ಅಪ್ಪಣೆ ಸಿಗುವುದಿಲ್ಲ, ಕೇಳಿದವರು ಅಲ್ಲಿಂದಲೇ ಹಿಂದಿರುಗಬೇಕು. ಹೆಸರಿನಲ್ಲಿರುವ 'ಟ್ರೈ' ಪದ ಅಲಂಕಾರಕ್ಕೆ ಬಂದದ್ದಲ್ಲ. ಎಣಿಕೆ ಏರಿಸುವ ಯತ್ನ ವಿಫಲವಾಗಬಹುದು ಎಂಬುದನ್ನು ಒಪ್ಪಿಕೊಂಡದ್ದೇ ದೊಡ್ಡ ಹೆಜ್ಜೆ. ಇಲ್ಲೊಂದು ಸೂಕ್ಷ್ಮವಿದೆ. ಅಪ್ಪಣೆ ಕೇಳುವ ಹೊತ್ತಿಗೆ ಮಾಡ್ಯೂಲಿನ ವಿವರಪಟ್ಟಿಯಾದರೂ ಮೆಮರಿಯಲ್ಲಿ ಇರಲೇಬೇಕಲ್ಲ? ಅದಕ್ಕೆ ಮತ್ತೊಂದು ಹೊರಗಿನ ಆಸರೆ ಬೇಕು. ಫೈಲ್ ಸಿಸ್ಟಮ್‌ಗಳ ವಿಷಯದಲ್ಲಿ ಆ ಆಸರೆ ನೋಂದಣಿ ಪಟ್ಟಿಯ ಬೀಗ. ಕರ್ನಲ್ ಬೀಗ ಹಿಡಿದು ಹೆಸರು ಹುಡುಕಿ, ಬೀಗ ಬಿಡುವ ಮುನ್ನವೇ ಎಣಿಕೆ ಏರಿಸುತ್ತದೆ. ಮಾಡ್ಯೂಲ್ ತನ್ನ ಹೆಸರು ತೆಗೆಸಬೇಕಾದರೂ ಅದೇ ಬೀಗವನ್ನು ದಾಟಬೇಕು. ಎಣಿಕೆಯನ್ನು ಕಾಯುವುದು ಬೀಗ, ಮಾಡ್ಯೂಲನ್ನು ಕಾಯುವುದು ಎಣಿಕೆ. ಮುಂದೆ 2015ರಲ್ಲಿ ಹೊರಬಂದ 3.19 ಆವೃತ್ತಿಯಲ್ಲಿ, ಮಾಡ್ಯೂಲ್ ತೆಗೆಯುವಾಗ ಎಲ್ಲ ಪ್ರೊಸೆಸರುಗಳನ್ನೂ ನಿಲ್ಲಿಸುತ್ತಿದ್ದ ಒರಟು ವಿಧಾನವನ್ನು ಕೈಬಿಡಲು ಸಾಧ್ಯವಾಯಿತು. ಎಣಿಕೆಯ ಮೇಲಿನ ಒಂದು ಅಖಂಡ ಕ್ರಿಯೆಯೇ ಸಾಕಾಯಿತು.

ಆದರೆ ಎಣಿಕೆ ಹಿಡಿಯುವುದು ಒಳಗೆ ಬರುವವರನ್ನು ಮಾತ್ರ. ಮಾಡ್ಯೂಲೇ ಹೊರಗೆ ಕಳಿಸಿ, ಮುಂದೊಂದು ಹೊತ್ತಿಗೆ ತನ್ನತ್ತ ಮರಳಬೇಕಾದ ಕರೆಗಳಿವೆಯಲ್ಲ, ಅವು ಎಣಿಕೆಗೆ ಸಿಗುವುದಿಲ್ಲ. ಕರ್ನಾಟಕದ ನೆಲದಲ್ಲಿ ನಡೆದ ಕೆಲಸ ಈ ಕಥೆಯೊಳಗೆ ಬರುವುದು ಇಲ್ಲಿಯೇ. ಆರ್‌ಸಿಯು ಎಂಬ ತಂತ್ರ 2002ರ ಅಕ್ಟೋಬರಿನಲ್ಲಿ 2.5.43 ಆವೃತ್ತಿಯ ಮೂಲಕ ಲಿನಕ್ಸ್ ಸೇರಿತು. ಅದನ್ನು ಲಿನಕ್ಸ್‌ಗೆ ಹೊಂದಿಸಿದವರಲ್ಲಿ ಅಮೆರಿಕದ ಪಾಲ್ ಮೆಕೆನಿ ಅವರೊಂದಿಗೆ ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ದೀಪಂಕರ್ ಶರ್ಮಾ ಪ್ರಮುಖರು. ಆರ್‌ಸಿಯುನಲ್ಲಿ ಓದುವವರು ಬೀಗ ಹಾಕುವುದಿಲ್ಲ. ಬದಲಿಸುವವರು ಹಳೆಯ ಆಬ್ಜೆಕ್ಟನ್ನು ಪಟ್ಟಿಯಿಂದ ಕಳಚಿ, ಆಗಲೇ ಓದುತ್ತಿರುವವರೆಲ್ಲ ಮುಗಿಸುವ ತನಕ ಕಾದು, ಆಮೇಲೆ ಮೆಮರಿ ಮರಳಿಸುತ್ತಾರೆ. ನಿಂತು ಕಾಯಲು ಪುರುಸೊತ್ತಿಲ್ಲದವರು ಒಂದು ಫಂಕ್ಷನ್ ವಿಳಾಸ ಕೊಟ್ಟು, ಸಮಯ ಬಂದಾಗ ಇದನ್ನು ಕರೆಯಿರಿ ಎಂದು ಒಪ್ಪಿಸಿ ಹೋಗಬಹುದು. ಒಪ್ಪಿಸಿ ಹೋದವರು ಮಾಡ್ಯೂಲಾಗಿದ್ದು, ಕರೆ ಬರುವ ಮೊದಲೇ ಇಳಿದುಬಿಟ್ಟರೆ? ಓದುಗರಿಗಾಗಿ ಕಾಯುವ ಫಂಕ್ಷನ್ ಇಲ್ಲಿ ನೆರವಾಗದು. ಓದುಗರು ಮುಗಿಸಿದ ಮೇಲೂ ಒಪ್ಪಿಸಿದ ಕರೆಗಳು ಸರದಿಯಲ್ಲಿ ಉಳಿದಿರಬಹುದು. ಈ ಸರದಿ ಬರಿದಾಗುವ ತನಕ ಕಾಯುವ 'ಆರ್‌ಸಿಯು ಬ್ಯಾರಿಯರ್' ಎಂಬ ಫಂಕ್ಷನ್ನನ್ನು ಬರೆದವರು ದೀಪಂಕರ್ ಶರ್ಮಾ. ಅವರು ಅದನ್ನು ಬರೆದದ್ದು ಮಾಡ್ಯೂಲಿಗಾಗಿ ಅಲ್ಲವೇ ಅಲ್ಲ. ನಿಕಿತಾ ದಾನಿಲೋವ್ ಎಂಬುವರ ಫೈಲ್ ಸಿಸ್ಟಮ್ಮನ್ನು ಅನ್‌ಮೌಂಟ್ ಮಾಡುವಾಗ ಇಂಥದೇ ತೊಡಕು ಎದುರಾಗಿತ್ತು. ಬಹಳ ದಿನಗಳ ಮೇಲೆ ಮೆಕೆನಿ ಆರ್‌ಸಿಯುವನ್ನೇ ಪರೀಕ್ಷೆಗೆ ಒಡ್ಡುವ ಮಾಡ್ಯೂಲ್ ಬರೆಯುವಾಗ ಅದೇ ಫಂಕ್ಷನ್ ಮಾಡ್ಯೂಲ್ ಇಳಿಸುವ ಕಂಟಕವನ್ನೂ ನಿವಾರಿಸುತ್ತದೆ ಎಂದು ಕಂಡುಕೊಂಡರು. ಈ ವೃತ್ತಾಂತವನ್ನು ಅವರೇ ಕರ್ನಲ್‌ನ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ. ಫೈಲ್ ಸಿಸ್ಟಮ್ ಅನ್‌ಮೌಂಟ್, ಮಾಡ್ಯೂಲ್ ಇಳಿಸುವಿಕೆ ಎರಡಕ್ಕೂ ಒಂದೇ ಮದ್ದು ಹತ್ತಿತೆಂದರೆ ರೋಗವೂ ಒಂದೇ ಎಂದಾಯಿತು: ತನ್ನ ಹೆಸರಿನಲ್ಲಿ ಹೊರಗೆ ಉಳಿದ ಕೆಲಸವನ್ನು ಎಣಿಸುವ ಶಕ್ತಿ ಹೊರಡುವವರಿಗಿಲ್ಲ, ಸರದಿ ಇಟ್ಟುಕೊಂಡವರಿಗೆ ಮಾತ್ರ ಇದೆ.

ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಾರಂಜಾ ಜಲಾಶಯದ ಗೇಟು ಇಳಿಸಿದರೂ ಕಾಲುವೆಯಲ್ಲಿ ಆಗಲೇ ಹೊರಟ ನೀರು ಕೊನೆಯಂಚಿನ ತನಕ ಹರಿಯುತ್ತಲೇ ಇರುತ್ತದೆ ಎಂಬುದು ಈ ಸೀಮೆಯ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಕೊನೆಯಲ್ಲಿ ಕಾಲುವೆಯ ಗೋಡೆ ಒಡೆದು ರಿಪೇರಿ ಮಾಡಬೇಕಾದವರು ಮೊದಲು ಗೇಟು ಮುಚ್ಚಿಸಬೇಕು, ನಂತರ ಹೊರಟ ನೀರು ದಾಟಿಹೋಗಲು ಬಿಡಬೇಕು, ಆಮೇಲೆ ಹಾರೆ ಎತ್ತಬೇಕು. ಮಾಡ್ಯೂಲಿನ ಮುಕ್ತಾಯದ ಫಂಕ್ಷನ್ನಿಗೂ ಕ್ರಮ ಇದೇ: ಹೊಸ ಕರೆಗಳನ್ನು ಒಪ್ಪಿಸುವುದನ್ನು ನಿಲ್ಲಿಸುವುದು, ಬ್ಯಾರಿಯರ್ ಕರೆದು ಹಳೆಯವು ಮುಗಿಯಲು ಕಾಯುವುದು, ಆಮೇಲಷ್ಟೇ ಹೊರಡುವುದು. ಗೇಟು ಮುಚ್ಚದೆ ಕಾದರೆ ಕಾಯುವಿಕೆಗೆ ಅರ್ಥವಿಲ್ಲ. ಬ್ಯಾರಿಯರ್ ಮುಗಿದ ಮರುಕ್ಷಣವೇ ಹೊಸ ಕರೆ ಸರದಿ ಸೇರಬಹುದು. ಬ್ಯಾರಿಯರ್ ಒಳಗಿಂದ ಕೆಲಸ ಮಾಡುವ ರೀತಿಯೂ ಈ ಚಿತ್ರಕ್ಕೆ ಒಪ್ಪುತ್ತದೆ. ಅದು ಪ್ರತಿ ಪ್ರೊಸೆಸರಿನ ಸರದಿಯ ಬಾಲಕ್ಕೆ ತನ್ನದೇ ಒಂದು ಕರೆಯನ್ನು ಸೇರಿಸುತ್ತದೆ, ನೀರಿನ ಬಾಲಕ್ಕೊಂದು ಜೋಳದ ಬೆಂಡು ತೇಲಿಬಿಟ್ಟ ಹಾಗೆ. ಎಲ್ಲ ಕಾಲುವೆಗಳ ಬೆಂಡುಗಳೂ ಕೊನೆ ಮುಟ್ಟಿದವೆಂದರೆ ಅವುಗಳ ಮುಂದಿನ ನೀರೆಲ್ಲ ದಾಟಿದಂತೆ. ಹೋಲಿಕೆ ತಪ್ಪುವುದು ಒಂದು ಕಡೆ. ಕಾಲುವೆ ಬತ್ತಿದ್ದು ಕಣ್ಣಿಗೆ ಕಾಣುತ್ತದೆ, ಕರ್ನಲ್‌ನ ಸರದಿ ಕಾಣುವುದಿಲ್ಲ. ಸಾವಿರ ಸಲ ಬ್ಯಾರಿಯರ್ ಇಲ್ಲದೆ ಇಳಿಸಿದರೂ ಯಂತ್ರ ಸುಮ್ಮನಿದ್ದು, ಸಾವಿರದ ಒಂದನೆಯ ಸಲ ಕುಸಿಯಬಹುದು.

ಹೊರಗೆ ಉಳಿಯುವ ಕೆಲಸದ ರೂಪಗಳು ಹಲವು. ಎಲ್ಲವನ್ನೂ ಒಂದೇ ಅಳತೆಯಲ್ಲಿ ವಿವರಿಸುವ ಅಗತ್ಯವಿಲ್ಲ. ಟೈಮರ್ ಇದ್ದರೆ ಅದನ್ನು ರದ್ದು ಮಾಡುವುದಷ್ಟೇ ಸಾಲದು, ಬೇರೆ ಪ್ರೊಸೆಸರಿನಲ್ಲಿ ಅದರ ಫಂಕ್ಷನ್ ನಡೆಯುತ್ತಿದ್ದರೆ ಮುಗಿಯುವ ತನಕ ಕಾಯಬೇಕು. ಟೈಮರ್ ಒಂದು ಕೆಲಸವನ್ನು ಎಬ್ಬಿಸಿ, ಆ ಕೆಲಸ ಮತ್ತೆ ಟೈಮರನ್ನು ಎಬ್ಬಿಸುವ ಬಳೆಯಿದ್ದರೆ ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದನ್ನು ಏಳಿಸುತ್ತದೆ. ಅದಕ್ಕೆಂದೇ 2023ರ 6.2 ಆವೃತ್ತಿಯಲ್ಲಿ ಟೈಮರನ್ನು ಮತ್ತೆಂದೂ ಏಳದಂತೆ ಮುಚ್ಚುವ ಫಂಕ್ಷನ್ ಸೇರಿತು. ಕರ್ನಲ್ ಥ್ರೆಡ್ಡಿನ ಉದಾಹರಣೆ ನಮ್ಮ ವಾದಕ್ಕೆ ಇನ್ನೂ ಹತ್ತಿರದ್ದು. ತಾನು ಮುಗಿಸಿದೆ ಎಂದು ಥ್ರೆಡ್ ಸೂಚನೆ ಕೊಟ್ಟ ಕ್ಷಣವೇ ಮಾಡ್ಯೂಲ್ ಹೊರಟರೆ, ಥ್ರೆಡ್ಡಿನ ಕೊನೆಯ ಒಂದೆರಡು ಸೂಚನೆಗಳು ಅಳಿದ ನೆಲದಲ್ಲಿ ಉಳಿಯುತ್ತವೆ. ಪರಿಹಾರವಾಗಿ ಸೂಚನೆ ಕೊಡುವುದು ಮತ್ತು ಕೊನೆಯಾಗುವುದು ಎರಡನ್ನೂ ಒಂದೇ ಫಂಕ್ಷನ್ನಿನಲ್ಲಿ ಕೂಡಿಸಿ, ಆ ಫಂಕ್ಷನ್ನನ್ನು ಕರ್ನಲ್‌ನ ಮೂಲ ಭಾಗದಲ್ಲಿ ಇಟ್ಟಿದ್ದಾರೆ. ಥ್ರೆಡ್ಡಿನ ಕೊನೆಯುಸಿರು ಮಾಡ್ಯೂಲಿನ ಹೊರಗೆ ಹೋಗುತ್ತದೆ. ಆರ್‌ಸಿಯುನಲ್ಲೂ ಹೀಗೆಯೇ: ಆಬ್ಜೆಕ್ಟಿನ ಮೆಮರಿ ಮರಳಿಸುವುದಷ್ಟೇ ಆಗಬೇಕಿದ್ದರೆ 'ಕೆಫ್ರೀ ಆರ್‌ಸಿಯು' ಬಳಸಬಹುದು. ಅಲ್ಲಿ ಕರೆಯಲಾಗುವ ಕೋಡು ಕರ್ನಲ್‌ನದೇ ಆದ್ದರಿಂದ ಮಾಡ್ಯೂಲಿನ ಕೋಡನ್ನು ಉಳಿಸಿಕೊಳ್ಳಲು ಬ್ಯಾರಿಯರ್ ಬೇಕಾಗುವುದಿಲ್ಲ. ಆ ಮೆಮರಿ ಮಾಡ್ಯೂಲೇ ತೆರೆದ ಪ್ರತ್ಯೇಕ ಮೆಮರಿ ಕಣಜದಿಂದ ಬಂದಿದ್ದರೆ ಮಾತ್ರ ಆ ಕಣಜ ಮುಚ್ಚುವ ಲೆಕ್ಕ ಬೇರೆ.

ಕೆಆಬ್ಜೆಕ್ಟ್ ಎಂಬ ವ್ಯವಸ್ಥೆಯಲ್ಲಿ ಎರಡು ಆಯುಷ್ಯಗಳ ಗಂಟು ಅತ್ಯಂತ ಬಿಗಿಯಾಗಿದೆ. ಸಾಧನಗಳನ್ನು ಫೈಲುಗಳ ರೂಪದಲ್ಲಿ ತೋರಿಸುವ ಸಿಸ್‌ಎಫ್‌ಎಸ್ ನಿಂತಿರುವುದು ಅದರ ಮೇಲೆ. ಡ್ರೈವರು ತನ್ನ ಆಬ್ಜೆಕ್ಟನ್ನು ಬಿಟ್ಟುಕೊಟ್ಟರೂ ಬೇರೆಯವರ ಹಿಡಿತ ಇರಬಹುದು. ಕೊನೆಯ ಹಿಡಿತ ಸಡಿಲಿದಾಗ ರಿಲೀಸ್ ಫಂಕ್ಷನ್ ನಡೆಯುತ್ತದೆ. ಆ ಫಂಕ್ಷನ್ ಮಾಡ್ಯೂಲಿನಲ್ಲಿದೆ. ಅದು ಯಾವಾಗ ನಡೆಯುತ್ತದೆ ಎಂಬುದು ಮಾಡ್ಯೂಲಿನ ಕೈಯಲ್ಲಿಲ್ಲ. ಹೊಸಬರು ರಿಲೀಸ್ ಫಂಕ್ಷನ್ನನ್ನು ಖಾಲಿ ಬಿಟ್ಟು ಎಚ್ಚರಿಕೆಯ ಸಂದೇಶವನ್ನು ಅಡಗಿಸಲು ನೋಡುತ್ತಾರೆ. ಅದು ರೋಗ ವಾಸಿ ಮಾಡುವ ಬದಲು ಜ್ವರಮಾಪಕ ಒಡೆದ ಹಾಗೆ. ಈ ತಪ್ಪು ಸುಲಭಕ್ಕೆ ಹೊರಬೀಳುವುದಿಲ್ಲ, ಏಕೆಂದರೆ ಪ್ರಯೋಗಾಲಯದಲ್ಲಿ ಬೇರೆಯವರ ಹಿಡಿತ ಇರುವುದೇ ಅಪರೂಪ. ಹೀಗಾಗಿ ಕರ್ನಲ್‌ನಲ್ಲಿ ಒಂದು ಪರೀಕ್ಷಾ ಆಯ್ಕೆ ಇದೆ: ಅದನ್ನು ಹಾಕಿದರೆ ಎಣಿಕೆ ಸೊನ್ನೆಯಾದರೂ ರಿಲೀಸನ್ನು ಬೇಕೆಂದೇ ಕೆಲವು ಸೆಕೆಂಡು ತಡಮಾಡುತ್ತದೆ. ಕೊನೆಯ ಹಿಡಿತ ತನ್ನದೇ ಎಂದು ನಂಬಿ ಬರೆದ ಮಾಡ್ಯೂಲು ಆಗ ತಕ್ಷಣ ಸಿಕ್ಕಿಬೀಳುತ್ತದೆ. ಡ್ರೈವರ್ ಬರೆಯಲು ಹೊರಟವರು ಯಾರೇ ಆಗಲಿ ಆ ಆಯ್ಕೆ ಹಾಕಿದ ಕರ್ನಲ್‌ನಲ್ಲಿ ಒಮ್ಮೆಯಾದರೂ ತಮ್ಮ ಕೆಲಸವನ್ನು ಇಳಿಸಿ ಏರಿಸಿ ನೋಡಬೇಕು.

ಹೊರಗಿನವರು ಲೆಕ್ಕ ಇಡುವುದರಲ್ಲೂ ಎರಡು ದಾರಿಗಳಿವೆ. ಫೈಲ್ ತೆರೆದಿರುವ ತನಕ ಮಾಡ್ಯೂಲನ್ನು ತೆಗೆಯಗೊಡದಿರುವುದು ಒಂದು. ಕ್ಯಾರೆಕ್ಟರ್ ಸಾಧನಗಳು, ಮೌಂಟ್ ಆದ ಫೈಲ್ ಸಿಸ್ಟಮ್‌ಗಳು ಹೀಗೆ ನಡೆಯುತ್ತವೆ. ನೆಟ್‌ವರ್ಕ್ ಡ್ರೈವರುಗಳ ದಾರಿ ಬೇರೆ: ಜಾಲ ಚಾಲ್ತಿಯಲ್ಲಿದ್ದರೂ ಮಾಡ್ಯೂಲ್ ತೆಗೆಯಬಹುದು. ಸಂಪರ್ಕ ಕಡಿದುಹಾಕಿ, ಆ ಸಾಧನದ ಮೇಲಿನ ಹಿಡಿತಗಳೆಲ್ಲ ಬಿಡುವ ತನಕ ಕರ್ನಲ್ ಕಾಯುತ್ತದೆ. ಯಾವನೋ ಒಬ್ಬ ಹಿಡಿತ ಬಿಡದಿದ್ದರೆ ಸಾಧನ ಬಿಡುವಾಗಲು ಕಾಯುತ್ತಿದ್ದೇನೆ ಎಂಬ ಸಂದೇಶ 10 ಸೆಕೆಂಡಿಗೊಮ್ಮೆ ಲಾಗ್‌ನಲ್ಲಿ ಬೀಳುತ್ತಲೇ ಇರುತ್ತದೆ. ಸರ್ವರ್ ನೋಡಿಕೊಳ್ಳುವವರಿಗೆ ಇದರ ಪರಿಚಯ ಚೆನ್ನಾಗಿದೆ. ಕರ್ನಲ್‌ನೊಳಗಿನ ಮಾಹಿತಿಯನ್ನು ಫೈಲಿನಂತೆ ಓದಿಸುವ ಪ್ರೋಕ್ ಫೈಲುಗಳೂ ಈ ಪಂಗಡದವು. ಹೆಸರು ತೆಗೆಸಿದಾಗ ಒಳಗೆ ನಡೆಯುತ್ತಿರುವ ಓದುಗಳು ಮುಗಿಯಲು ಕಾದು, ಆಮೇಲೆ ಬಂದವರಿಗೆ ದೋಷದ ಉತ್ತರ ಕೊಡುತ್ತವೆ. ಎರಡರಲ್ಲಿ ಯಾವುದು ಮೇಲು? ಯಾವ ಕ್ಷಣದಲ್ಲಾದರೂ ಕಿತ್ತು ತೆಗೆಯಬಹುದಾದ ಯುಎಸ್‌ಬಿ ಸಾಧನಗಳ ಈ ಕಾಲದಲ್ಲಿ ಎರಡನೆಯದೇ ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ. ಮಾಡ್ಯೂಲಿಗೆ ಬೇಡ ಎನ್ನಬಹುದು, ಪೆನ್‌ಡ್ರೈವ್ ಕೀಳುವ ಕೈಗೆ ಬೇಡ ಎನ್ನಲಾಗುವುದಿಲ್ಲ. ಕಡಿದುಹಾಕಿ ಕಾಯುವ ಏರ್ಪಾಡು ಹೇಗೂ ಬೇಕೇ ಬೇಕು.

ಇಷ್ಟೆಲ್ಲ ಕಷ್ಟವಿದ್ದರೆ ಮಾಡ್ಯೂಲ್ ಇಳಿಸುವುದೇ ಬೇಡ ಎನ್ನಬಾರದೇಕೆ? ಇದು ಹಗುರವಾದ ಆಕ್ಷೇಪವಲ್ಲ. 2002ರ ಸುಮಾರಿಗೆ ಕರ್ನಲ್ ಬರೆಯುವವರ ನಡುವೆಯೇ ಇದು ಗಂಭೀರವಾಗಿ ಚರ್ಚೆಯಾಗಿತ್ತು. ಇಳಿಸುವ ಸೌಲಭ್ಯವೇ ಇಲ್ಲದೆ ಕರ್ನಲ್ ಕಟ್ಟಿಕೊಳ್ಳುವ ಆಯ್ಕೆ ಇಂದಿಗೂ ಇದೆ. ಹಾಗೆ ಕಟ್ಟಿದ ಕರ್ನಲ್ ಚಿಕ್ಕದು, ಸರಳ. ಮುಕ್ತಾಯದ ಫಂಕ್ಷನ್ ಇಲ್ಲದ ಮಾಡ್ಯೂಲು ಏರಿದ ಮೇಲೆ ಶಾಶ್ವತ. ಒಂದೇ ಸಾಧನಕ್ಕೆಂದು ಕಟ್ಟಿದ ಯಂತ್ರದಲ್ಲಿ ಇದು ಸರಿಯಾದ ನಿರ್ಧಾರವೇ. ಆದರೆ ಇಳಿಸುವ ಅಗತ್ಯ ಡ್ರೈವರ್ ಬರೆಯುವವರ ಅನುಕೂಲಕ್ಕಷ್ಟೇ ಸೀಮಿತವಲ್ಲ ಎಂಬುದಕ್ಕೆ ಕೆಪ್ರೋಬ್ಸ್ ಸಾಕ್ಷಿ. 2004ರಲ್ಲಿ 2.6.9 ಆವೃತ್ತಿಗೆ ಸೇರಿದ ಈ ಸೌಲಭ್ಯದಿಂದ ನಡೆಯುತ್ತಿರುವ ಕರ್ನಲ್‌ನ ಬಹುಮಟ್ಟಿಗೆ ಯಾವುದೇ ಜಾಗದಲ್ಲಿ ಒಂದು ತನಿಖಾ ಬಿಂದು ಇಟ್ಟು ನೋಡಬಹುದು. ಅದನ್ನು ಬೆಳೆಸಿದವರಲ್ಲಿ ಐಬಿಎಂನ ಭಾರತದ ತಂಡದ ಪ್ರಸನ್ನ ಪಂಚಮುಖಿ, ಅನಂತ್ ಮಾವಿನಕಾಯನಹಳ್ಳಿ ಇದ್ದರು. ಅದರ ಮೇಲೆ ನಿಂತ ಸಿಸ್ಟಮ್‌ಟ್ಯಾಪ್ ಪ್ರತಿ ತನಿಖೆಗೂ ಒಂದು ಮಾಡ್ಯೂಲ್ ಕಟ್ಟಿ ಏರಿಸುತ್ತದೆ, ತನಿಖೆ ಮುಗಿದ ಕೂಡಲೇ ಇಳಿಸುತ್ತದೆ. ನಿಲ್ಲಿಸಲಾಗದ ಸರ್ವರಿನಲ್ಲಿ ದಿನಕ್ಕೆ ಹಲವು ಸಲ ಇದು ನಡೆಯಬಹುದು. ಬಿಂದು ತೆಗೆದ ಮೇಲೂ ಯಾವುದೋ ಪ್ರೊಸೆಸರು ಆ ಮಾಡ್ಯೂಲಿನ ಫಂಕ್ಷನ್ನಿನಲ್ಲಿ ಇರಬಹುದಾದ್ದರಿಂದ, ಬಿಂದು ತೆಗೆಯುವ ಕರ್ನಲ್ ಫಂಕ್ಷನ್ನೇ ಎಲ್ಲರೂ ಹೊರಬರುವ ತನಕ ಕಾದು ಹಿಂದಿರುಗುತ್ತದೆ. ತನಿಖೆಯ ಮಾಡ್ಯೂಲ್ ಬರೆದವರು ಅದನ್ನು ನೆನಪಿಡಬೇಕಾಗಿಲ್ಲ. ತನಿಖೆಯ ಬಿಂದು ಮತ್ತೊಂದು ಮಾಡ್ಯೂಲಿನ ಮೈಯಲ್ಲೇ ಇದ್ದು ಆ ಮಾಡ್ಯೂಲು ಹೊರಟರೂ ಕರ್ನಲ್ ಸುದ್ದಿ ಮುಟ್ಟಿಸಿ ಬಿಂದುವನ್ನು ಸತ್ತದ್ದೆಂದು ಗುರುತು ಹಾಕಿಸುತ್ತದೆ.

ಎಣಿಕೆ ಸೊನ್ನೆಯಾಗುವ ತನಕ ಕಾದು ಇಳಿಸುವ ಆಯ್ಕೆ, ಮಾಡ್ಯೂಲ್ ತೆಗೆಯುವ ಆರ್‌ಎಂಮಾಡ್ ಆಜ್ಞೆಗೆ ಒಂದು ಕಾಲದಲ್ಲಿ ಇತ್ತು. ಕಾಯಲು ಶುರುವಾದೊಡನೆ ಹೊಸಬರಿಗೆ ಬಾಗಿಲು ಮುಚ್ಚುತ್ತದೆ, ಹಳಬರು ಎಂದು ಬಿಡುತ್ತಾರೋ ಗೊತ್ತಿಲ್ಲ. ಮಾಡ್ಯೂಲ್ ಅತ್ತ ಬದುಕಿಯೂ ಇಲ್ಲ, ಇತ್ತ ಸತ್ತೂ ಇಲ್ಲ. 2013ರಲ್ಲಿ ಅದನ್ನು ಕಿತ್ತುಹಾಕಿದ್ದು ಸರಿಯಾಯಿತು. ಬಲವಂತದಿಂದ ಇಳಿಸುವ ಆಯ್ಕೆ ಇನ್ನೂ ಇದೆ, ಬಳಸಿದರೆ ಕರ್ನಲ್ ತನ್ನ ಮೇಲೊಂದು ಕಳಂಕದ ಗುರುತನ್ನೇ ಹಾಕಿಕೊಳ್ಳುತ್ತದೆ. ಆಮೇಲೆ ಬರುವ ದೋಷದ ವರದಿಗಳನ್ನು ಯಾರೂ ನಂಬುವುದಿಲ್ಲ.

ರಸ್ಟ್ ಭಾಷೆ ಬಂದರೆ ಈ ಕಷ್ಟ ತೀರುತ್ತದೆ ಎಂಬ ನಿರೀಕ್ಷೆ ಅರ್ಧ ಮಾತ್ರ ನಿಜ. 2022ರ ಡಿಸೆಂಬರಿನ 6.1 ಆವೃತ್ತಿಯಿಂದ ಲಿನಕ್ಸ್‌ನಲ್ಲಿ ರಸ್ಟ್‌ಗೆ ನೆಲೆ ಸಿಕ್ಕಿದೆ. ಆಬ್ಜೆಕ್ಟ್ ಯಾರದು, ಯಾವಾಗ ಸಾಯುತ್ತದೆ ಎಂಬುದನ್ನು ಕಂಪೈಲರೇ ಪರಿಶೀಲಿಸುವುದರಿಂದ ಡೇಟಾದ ಆಯುಷ್ಯದ ತಪ್ಪುಗಳು ಬಹಳ ಕಡಿಮೆಯಾಗುತ್ತವೆ. ಕೋಡಿನ ಆಯುಷ್ಯದ ಬಗ್ಗೆ ಮಾತ್ರ ಆ ಭಾಷೆಯ ಒಂದು ಮೂಲ ನಂಬಿಕೆ ಇಲ್ಲಿ ಸಡಿಲವಾಗುತ್ತದೆ: ಫಂಕ್ಷನ್ನುಗಳು ಸದಾಕಾಲ ಇರುತ್ತವೆ ಎಂದು ಅದು ಎಣಿಸುತ್ತದೆ, ಮಾಡ್ಯೂಲಿನ ಫಂಕ್ಷನ್ನುಗಳು ಹಾಗಿರುವುದಿಲ್ಲ. ಆದ್ದರಿಂದ ಅಲ್ಲೂ ಕರ್ನಲ್‌ಗೆ ನೋಂದಾಯಿಸುವಾಗ ಮಾಡ್ಯೂಲಿನ ಗುರುತನ್ನು ಜೊತೆಗೆ ಒಪ್ಪಿಸುತ್ತಾರೆ. ನೋಂದಣಿ ಒಂದು ಆಬ್ಜೆಕ್ಟಾಗಿ ಮಾಡ್ಯೂಲಿನ ವಶದಲ್ಲಿದ್ದು, ಮಾಡ್ಯೂಲ್ ಇಳಿಯುವಾಗ ತಾನೇ ಕಳಚಿಕೊಳ್ಳುತ್ತದೆ. ಹಳೆಯ ಒಡೆಯನ ಹೆಸರಿನ ಜಾಗವೇ ಹೊಸ ಭಾಷೆಯ ವ್ಯಾಕರಣಕ್ಕೆ ಸೇರಿದೆ.

ಬೇರೆ ಆಪರೇಟಿಂಗ್ ಸಿಸ್ಟಮ್‌ಗಳೂ ಬೇರೆ ಬೇರೆ ದಾರಿಯಿಂದ ಇದೇ ಜಾಗ ತಲುಪಿವೆ. ವಿಂಡೋಸ್‌ನಲ್ಲಿ ಡ್ರೈವರು ಮುಂದಕ್ಕೆ ಹಾಕಿದ ಕೆಲಸವನ್ನು ಸರದಿಗೆ ಸೇರಿಸುವಾಗ ಕರ್ನಲ್ ಸಾಧನದ ಆಬ್ಜೆಕ್ಟಿನ ಮೇಲೆ ತಾನೇ ಹಿಡಿತ ತೆಗೆದುಕೊಂಡು, ಆ ಫಂಕ್ಷನ್ ಹಿಂದಿರುಗಿದ ಮೇಲೆ ತಾನೇ ಬಿಡುತ್ತದೆ. ಫ್ರೀಬಿಎಸ್‌ಡಿ ಮೊದಲು ಮಾಡ್ಯೂಲನ್ನು ಕೆಲಸ ನಿಲ್ಲಿಸಲು ಸಿದ್ಧವೇ ಎಂದು ಕೇಳಿ, ಒಪ್ಪಿದರೆ ಮಾತ್ರ ಇಳಿಸುವ ಆಜ್ಞೆ ಕೊಡುತ್ತದೆ. ಸಾಧನ ಅಳಿಸುವ ಅದರ ಫಂಕ್ಷನ್ ಡ್ರೈವರಿನೊಳಗಿನ ಥ್ರೆಡ್‌ಗಳೆಲ್ಲ ಹೊರಬರುವ ತನಕ ಕಾಯುತ್ತದೆ.

ಬೀದರ, ಭಾಲ್ಕಿಯ ಪ್ರಯೋಗಾಲಯಗಳಲ್ಲಿ ಬರೆಯುವ ಆ ಹುಟ್ಟುಹಬ್ಬದ ಪಟ್ಟಿಗೆ ಎರಡೇ ಎರಡು ಬದಲಾವಣೆ ಸಾಕು, ಇಡೀ ವಿಷಯ ಅದರೊಳಗೆ ಬರುತ್ತದೆ. ಔರಾದಿನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತವರೂ ಇದನ್ನು ಮಾಡಿ ನೋಡಬಹುದು. ಮುಖ್ಯ ಕಂಪ್ಯೂಟರ್ ಹಾಳಾಗದಂತೆ ವರ್ಚುವಲ್ ಯಂತ್ರದೊಳಗೆ ಮಾಡಿದರೆ ಒಳ್ಳೆಯದು. ಪಟ್ಟಿಯನ್ನು ಒಂದು ಪ್ರೋಕ್ ಫೈಲಿನಿಂದ ಓದುವಂತೆ ಮಾಡಬೇಕು, ದಾಖಲೆ ಅಳಿಸಲು ಆರ್‌ಸಿಯು ಕರೆ ಬಳಸಬೇಕು. ಆಗ ಮುಕ್ತಾಯದ ಫಂಕ್ಷನ್ನಿನ ಕ್ರಮ ಹೀಗಾಗುತ್ತದೆ: ಮೊದಲು ಪ್ರೋಕ್ ಫೈಲು ತೆಗೆಯುವುದು, ಅದು ಒಳಗಿರುವ ಓದುಗರಿಗಾಗಿ ತಾನೇ ಕಾಯುತ್ತದೆ, ಬಳಿಕ 5 ದಾಖಲೆಗಳನ್ನೂ ಪಟ್ಟಿಯಿಂದ ಕಳಚಿ ಒಂದೊಂದಕ್ಕೂ ಕರೆ ಒಪ್ಪಿಸುವುದು, ಕೊನೆಗೆ ಆರ್‌ಸಿಯು ಬ್ಯಾರಿಯರ್. ಆ ಕೊನೆಯ ಸಾಲನ್ನು ಅಳಿಸಿ, ಬಹು ಪ್ರೊಸೆಸರುಗಳ ಯಂತ್ರದಲ್ಲಿ ಮಾಡ್ಯೂಲನ್ನು ಮತ್ತೆ ಮತ್ತೆ ಏರಿಸಿ ಇಳಿಸುತ್ತ ಹೋದರೆ, ಒಂದಲ್ಲ ಒಂದು ಸುತ್ತಿನಲ್ಲಿ ಪರದೆಯ ಮೇಲೆ ಕರ್ನಲ್‌ನ 'ಊಪ್ಸ್' ಎಂಬ ದೋಷದ ಸಂದೇಶ ಬೀಳಬಹುದು. ಅದರಲ್ಲಿ ಕಾಣುವ ವಿಳಾಸ, ಆಗಷ್ಟೇ ಇಳಿದುಹೋದ ಮಾಡ್ಯೂಲಿನದು.